ಮೂರು ಪಟ್ಟಿ

ಹತ್ತೊಂಬತ್ತು ವರ್ಷ ಮಸ್ಕತ್ತಿನಲ್ಲಿ ನಾನು ಹತ್ತಿದ್ದೆಲ್ಲ
ಲಿಫ್ಟಿನ ಬೆನ್ನ ಮೇಲೆ ಕೂತು,
ಗ್ರೀಸು ಮೆತ್ತಿದ ಹಗ್ಗದ ಪಕ್ಕ, ಕತ್ತಲಲ್ಲಿ.
ಎತ್ತರ ಅಂದರೆ ನನಗೆ ಮಹಡಿ.
ಹಾಗಾಗಿ ಮೊದಲ ದಿನ, ಕಣಿವೆಯ ಬಾಯಲ್ಲಿ ಬಸ್ಸಿಳಿದು
ತಲೆಯೆತ್ತಿ ಲೆಕ್ಕ ಹಾಕಿದೆ:
ನಾನೂರು ಮಹಡಿ. ಬಟನ್ ಇಲ್ಲ.

ಹುಮೈದ್ ಅಲ್ ಅಬ್ರಿ ನಮ್ಮನ್ನು ಎಣಿಸಿದ, ಒಂಬತ್ತು ಜನ.
ನೀರಿನ ಬಾಟಲಿ ಎಣಿಸಿದ. ಬೂಟಿನ ದಾರ ಬಗ್ಗಿ ನೋಡಿದ.
ಆಮೇಲೆ ಎಲ್ಲರ ಹಿಂದೆ ಹೋಗಿ ನಿಂತ.
"ಗೈಡು ಮುಂದಲ್ಲವೆ?" ಅಂದರು ದಾಮುದಿ ಸಾಹೇಬರು,
ಭಟ್ಕಳದವರು, ಮತ್ರಾದಲ್ಲಿ ಮೂವತ್ತು ವರ್ಷ
ಹಗ್ಗ, ಬಲೆ, ಟಾರ್ಪಾಲು ಮಾರಿದವರು.
"ಮುಂದೆ ದಾರಿ ಇದೆ," ಅಂದ. "ಹಿಂದೆ ಯಾರಿದ್ದಾರೆ?"

ಐದು ದಿನ. ಒಂದಕ್ಕೊಂದು ಹೊಸೆದ ಮೂರು ರಕ್ಷಿತ ವನ.
ವನ ಅಂದರೆ ಕಲ್ಲು. ಕಲ್ಲಿನ ಸಂದಿಯಲ್ಲಿ ಒಂದು ಗಿಡ,
ಗಿಡಕ್ಕೊಂದು ಹೆಸರು. ಅದನ್ನು ಹುಮೈದ್
ಎರಡು ಸಲ ಹೇಳುತ್ತಾನೆ,
ಎರಡನೆಯದು ಗಿಡಕ್ಕೆ ಕೇಳಲಿ ಎಂದು.

ಬಂಡೆಯ ಪಕ್ಕೆಯಲ್ಲಿ ಗೇಣಗಲದ ಫಲಜ್
ನಮಗಿಂತ ಮೊದಲೇ ಹೊರಟು ಸಮವಾಗಿ ನಡೆಯುತ್ತಿತ್ತು.
ಲೆವೆಲ್ ನೋಡುವುದು ನನ್ನ ಕಸುಬು.
ಯಾವ ಕಾಲದಲ್ಲೋ ಯಾರೋ ನೀರನ್ನೇ ಕೇಳಿ ಕೇಳಿ ಕಡಿದದ್ದು,
ಕೂದಲೆಳೆ ತಪ್ಪಿಲ್ಲ.

"ಇನ್ನೆಷ್ಟು ದೂರ?"
"ಮೂರು ಖರ್ಜೂರ."
ಒಂದೊಂದೇ ಬಾಯಿಗಿಟ್ಟು, ಬೀಜ ನುಣ್ಣಗಾಗುವ ತನಕ ನಡೆ ಎಂದರ್ಥ.
ಕಿಲೋಮೀಟರ್ ಅಂದರೆ ಅವನಿಗೆ ಕಿವಿ ಕೇಳಿಸುವುದಿಲ್ಲ.

ಎರಡನೆಯ ಮಧ್ಯಾಹ್ನ ಮುಳ್ಳುಮರದಡಿ ಚೀಲ ಇಳಿಸಿದೆವು.
ಸಿದ್ರ್, ಅಂದ. ನೆಲದಿಂದೊಂದು ಹಣ್ಣು ಹೆಕ್ಕಿ ಕಚ್ಚಿದೆ.
ಎಲಚಿ!
ಶಾಲೆಯ ಗೇಟಿನ ಹೊರಗೆ ಉಪ್ಪು ಉದುರಿಸಿ
ಹತ್ತು ಪೈಸೆಗೆ ಕೊಡುತ್ತಿದ್ದ ಅದೇ ಒಗರು.
ದಾಮುದಿ ಸಾಹೇಬರು ಗೊರಕೆಯಲ್ಲಿದ್ದರು.
ಮನಿಲಾದ ನರ್ಸು ಮಾರಿಸೆಲ್‌ಗೆ ಹೇಳಿದೆ, ಕನ್ನಡದಲ್ಲೇ.
ಅವಳೂ ತನ್ನದರಲ್ಲಿ ಏನೋ ಅಂದಳು.
ಇಬ್ಬರೂ ಬೀಜ ಉಗಿದೆವು. ಅವಳದು ದೂರ ಹೋಯಿತು.

ಒಂದು ವನ ಮುಗಿದು ಇನ್ನೊಂದು ಎಲ್ಲಿ ಶುರು?
ಹುಮೈದ್ ನೆಲ ತೋರಿಸಿದ:
ಸಾಲಾಗಿ ಗುಳಿ, ಮೊಣಕೈ ಆಳ, ಒಳಗೆ ಸಿಮೆಂಟಿನ ಚೂರು.
ಬೇಲಿ ಇತ್ತು. ಅವನಪ್ಪ ನೆಟ್ಟದ್ದು, ಸರಕಾರದ ಸಂಬಳಕ್ಕೆ.
ಅವನು ಕಿತ್ತದ್ದು, ಅದೇ ಸರಕಾರದ ಸಂಬಳಕ್ಕೆ.
"ತಾಹ್ರ್ ದಾಟಬೇಕಿತ್ತು."
ಮೋಟು ಕೊಂಬಿನ ಕಾಡಾಡು. ಐದು ದಿನವೂ ಕಾಣಲಿಲ್ಲ.
ಒಂದು ಗುಳಿಯಲ್ಲಿ ಅದರ ಹಿಕ್ಕೆ ಇತ್ತು, ಇನ್ನೂ ಹಸಿ.
ಒಂಬತ್ತು ಜನ ಸುತ್ತ ನಿಂತು
ಹಿಕ್ಕೆಯ ಫೋಟೋ ತೆಗೆದೆವು.

ನಾಲ್ಕನೆಯ ದಿನ ದಾರಿ ಕಳೆಯಿತು.
ಬಂಡೆಯಿಂದ ಬಂಡೆಗೆ ನಮ್ಮನ್ನು ಕರೆದು ತಂದಿದ್ದ ಮೂರು ಪಟ್ಟಿ,
ಹಳದಿ, ಬಿಳಿ, ಕೆಂಪು
(ಬಿಳಿಯೊಂದು ಉಜ್ಜಿದರೆ ನಮ್ಮದೇ ಬಾವುಟ
ಎಂದು ಸಾಹೇಬರು ಕಣ್ಣು ಹೊಡೆದಿದ್ದರು),
ಕಳೆದ ಪ್ರವಾಹಕ್ಕೆ ಬಂಡೆ ಸಮೇತ ಉರುಳಿತ್ತು.

ಹುಮೈದ್ ಮೊದಲ ಸಲ ಮುಂದೆ ಬಂದ.
ಕುಕ್ಕರಗಾಲಲ್ಲಿ ಕೂತು ಕತ್ತೆದಾರಿ ಹುಡುಕಿದ;
ಗೊರಸು ಸವೆಸಿದ ಕಲ್ಲಿನ ಹೊಳಪು
ಓರೆಗಣ್ಣಿಗೆ ಮಾತ್ರ ಸಿಗುವಂಥದು.
ಸಿಕ್ಕಿತು. ಚೀಲದಿಂದ ಮೂರು ಡಬ್ಬಿ, ಒಂದು ಬ್ರಷ್ಷು ತೆಗೆದು
ನನ್ನ ಕೈಗಿಟ್ಟ. ನನಗೇ ಯಾಕೆ?
ಹತ್ತಿರ ಇದ್ದೆ, ಅಷ್ಟೇ ಇರಬೇಕು.

ಕಾದ ಬಂಡೆ. ಹಳದಿ ಎಳೆಯುತ್ತಲೇ ಒಣಗಿತು.
ಬಿಳಿ ಸ್ವಲ್ಪ ಸೋರಿತು. ಕೆಂಪಿಗೆ ಕೈ ನಡುಗಿ
ಬಲತುದಿ ಎರಡು ಬೆರಳು ಮೇಲೆ ಹೋಯಿತು.
ಲೆವೆಲ್ ನೋಡುವವನು ನಾನು! ಅಳಿಸಲು ಹೋದೆ.
ಹುಮೈದ್ ಮಣಿಕಟ್ಟು ಹಿಡಿದ:
"ಬಿಡು. ದಾರಿಯೂ ಅಲ್ಲಿಂದ ಮೇಲಕ್ಕೇ."

ಈಗ ರುವಿಯಲ್ಲಿ, ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ
ಸಿಕ್ಕಿಬಿದ್ದ ಲಿಫ್ಟಿನ ಬೆನ್ನ ಮೇಲೆ ಕೂತು
ಬ್ರೇಕು ಬಿಡಿಸುತ್ತಿದ್ದೇನೆ. ಉಗುರ ಸಂದಿಯಲ್ಲಿನ್ನೂ ಕೆಂಪು.
ಒಳಗಿನವರು ತಗಡು ಬಡಿಯುತ್ತಾರೆ,
ಇನ್ನೆಷ್ಟು ಹೊತ್ತು? ಮಲಯಾಳದಲ್ಲಿ, ಉರ್ದುವಿನಲ್ಲಿ.
ಕಚ್ಚಿದ್ದ ಟಾರ್ಚು ಬಾಯಿಂದ ತೆಗೆದು
ಒಂದು ಖರ್ಜೂರ, ಅನ್ನುತ್ತೇನೆ.